ಹಳೆಯ ಐಫೋಟೋ ಲೈಬ್ರರಿ ಅಳಿಸಬಹುದೇ?

ಗಣಪತಿ ಹಬ್ಬದ ಫೋಟೋ, ವಿಡಿಯೋ ತುಂಬುವ ಮೊದಲು ಮ್ಯಾಕ್ ಖಾಲಿ ಮಾಡುತ್ತಿರುವ ಮುಂಬೈಯ ನಮ್ಮವರಿಗೆ ಒಂದು ಮಾತು.

ಹಳೆಯ ಐಫೋಟೋ ಲೈಬ್ರರಿ 80 ಜಿಬಿ, ಹೊಸ ಫೋಟೋಸ್ ಲೈಬ್ರರಿಯೂ 80 ಜಿಬಿ ಅಂತ ಫೈಂಡರ್ ತೋರಿಸಿದರೂ ಡಿಸ್ಕಿನಲ್ಲಿ 160 ಹೋಗಿರುವುದಿಲ್ಲ. ಆಪಲ್‌ನ ಹಳೆಯ ಫೋಟೋ ಆ್ಯಪ್ ಐಫೋಟೋ ಬದಲಿಗೆ 2015ರಲ್ಲಿ ಬಂದ ಫೋಟೋಸ್, ಹಳೆಯ ಲೈಬ್ರರಿಯನ್ನು ಅದೇ ಡಿಸ್ಕಿನಲ್ಲಿ ಬದಲಾಯಿಸುವಾಗ ಮೂಲ ಚಿತ್ರಗಳನ್ನು ಕಾಪಿ ಮಾಡುವುದಿಲ್ಲ, ಹಾರ್ಡ್ ಲಿಂಕ್ ಹಾಕುತ್ತದೆ, ಅಂದರೆ ಡಿಸ್ಕಿನಲ್ಲಿರುವ ಒಂದೇ ಫೈಲನ್ನು ಎರಡೂ ಲೈಬ್ರರಿಗಳು ಹಂಚಿಕೊಳ್ಳುತ್ತವೆ. ಒಂದೇ ಮನೆಗೆ ಎರಡು ಬಾಗಿಲು ಇದ್ದಂತೆ. ಅದಕ್ಕೇ ಹಳೆಯದನ್ನು ಅಳಿಸಿದರೂ ಜಾಗ ಅಷ್ಟಾಗಿ ಸಿಗುವುದಿಲ್ಲ, ಹೊಸದರಲ್ಲಿನ ಚಿತ್ರಗಳಿಗೂ ಏನೂ ಆಗುವುದಿಲ್ಲ. ನಂಬಿಕೆ ಬರದಿದ್ದರೆ ಟರ್ಮಿನಲ್ ಆ್ಯಪ್‌ನಲ್ಲಿ, ಡಿಸ್ಕಿನ ಜಾಗ ಲೆಕ್ಕ ಹಾಕುವ ಡಿಯು (du) ಕಮಾಂಡಿಗೆ ಎರಡೂ ಲೈಬ್ರರಿಯನ್ನು ಒಟ್ಟಿಗೇ ಕೊಡಿ. ಲಿಂಕ್ ಆದ ಫೈಲನ್ನು ಅದು ಒಮ್ಮೆ ಮಾತ್ರ ಎಣಿಸುತ್ತದೆ.

ಹಾಗಾದರೆ ಇರಲಿ ಬಿಡಿ ಅನ್ನಬಹುದೇ? ಇಲ್ಲೇ ತೊಡಕು. ಫೋಟೋಸ್‌ನಲ್ಲಿ ಬೇಡದ ದೊಡ್ಡ ವಿಡಿಯೋ ಅಳಿಸಿ, 'ಇತ್ತೀಚೆಗೆ ಅಳಿಸಿದ್ದು' ಆಲ್ಬಮ್ಮನ್ನೂ ಖಾಲಿ ಮಾಡಿದರೂ, ಹಳೆಯ ಲೈಬ್ರರಿಯ ಲಿಂಕ್ ಅದನ್ನು ಹಿಡಿದುಕೊಂಡೇ ಇರುತ್ತದೆ. ಜಾಗ ಬಿಡುಗಡೆ ಆಗುವುದೇ ಇಲ್ಲ.

ನನ್ನ ಪ್ರಕಾರ ಹಳೆಯದನ್ನು ಹೊರಗಿನ ಡಿಸ್ಕಿಗೆ ಕಾಪಿ ಮಾಡಿ, ಆಮೇಲೆ ಅಳಿಸುವುದೇ ಸರಿ. ಅಲ್ಲಿ ಅದು ಪೂರ್ತಿ 80 ಜಿಬಿ ಹಿಡಿಯುತ್ತದೆ, ನೆನಪಿರಲಿ. ಅಳಿಸುವ ಮುಂಚೆ ಫೋಟೋಸ್‌ನಲ್ಲಿ ಚಿತ್ರಗಳ ಒಟ್ಟು ಸಂಖ್ಯೆ ನೋಡಿ. ಐಫೋಟೋದಲ್ಲಿ ಚಿತ್ರಗಳಿಗೆ ಕೊಟ್ಟ ಸ್ಟಾರ್ ರೇಟಿಂಗ್‌ಗಳು ಅಲ್ಲಿ ಕೀವರ್ಡ್ ಆಗಿರುತ್ತವೆ, ಈವೆಂಟ್ ಎಂಬ ಗುಂಪುಗಳು ಆಲ್ಬಮ್ ಆಗಿರುತ್ತವೆ. ಅಜ್ಜಿಯ ಸ್ಕ್ಯಾನ್ ಮಾಡಿದ ಚಿತ್ರಗಳನ್ನಾದರೂ ತೆರೆದು ಖಚಿತ ಮಾಡಿಕೊಳ್ಳಿ. ಯಾಕೆಂದರೆ ಮ್ಯಾಕ್‌ಓಎಸ್‌ನ ಕ್ಯಾಟಲೀನಾ ಆವೃತ್ತಿಯಿಂದೀಚೆಗೆ ಐಫೋಟೋ ತೆರೆಯುವುದೇ ಇಲ್ಲ.