ಕಾಗದದಲ್ಲಿ ಇಲ್ಲದ ಹೆಸರು

ನಮ್ಮ ಕುಟುಂಬದ ಮನೆ ಕಟಪಾಡಿಯ ಹತ್ತಿರ. ವರ್ಷಕ್ಕೊಮ್ಮೆ ಅಲ್ಲಿ ಜುಮಾದಿ ದೈವಕ್ಕೆ ನೇಮ, ಎಂದರೆ ಉತ್ಸವ. ನಾನು ಉಡುಪಿಯ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಷ್ಟ್ರು. ಸಾಮಾನ್ಯವಾಗಿ ರಾತ್ರಿ ಊಟದ ಹೊತ್ತಿಗೆ ಹೋಗಿ, ದೈವದ ಬೆನ್ನಿಗೆ ದೊಡ್ಡ ಪ್ರಭಾವಳಿಯಂಥ ಅಣಿ ಏರುವುದನ್ನು ನೋಡಿ, ಗಂಧಪ್ರಸಾದ ತೆಗೆದುಕೊಂಡು ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಡುವವ. ಹೋದ ವರ್ಷದ ನೇಮ ಭಾನುವಾರ ಬಿದ್ದದ್ದರಿಂದ ಮಧ್ಯಾಹ್ನವೇ ಮುಟ್ಟಿದೆ.

ಅಂಗಳದಲ್ಲಿ ಶಾಮಿಯಾನ ಕಟ್ಟುತ್ತಿದ್ದರು. ಹಿತ್ತಲ ಕಡೆ, ಹಲಸಿನ ಮರದ ನೆರಳಲ್ಲಿ ಚಾಪೆ ಹಾಸಿಕೊಂಡು, ರಾತ್ರಿ ದೈವ ಕಟ್ಟುವವರು, ಎಂದರೆ ವೇಷ ತೊಟ್ಟು ದೈವವಾಗಿ ನಿಲ್ಲುವವರು, ಕೂತಿದ್ದರು. ಐವತ್ತು ದಾಟಿದ ವಯಸ್ಸು. ಎದುರಿಗೆ ಎಳೆ ತೆಂಗಿನ ಗರಿಯ ರಾಶಿ. ಅದಕ್ಕೆ ನಾವು ತಿರಿ ಎನ್ನುತ್ತೇವೆ. ಬಿಸಿಲೇ ಕಾಣದ ಎಳೆ ಗರಿ, ಬೆಣ್ಣೆಯ ಬಣ್ಣ. ಪಕ್ಕದಲ್ಲಿ ಅವರ ಮಗ, ಸ್ವಲ್ಪ ಆಚೆ ಗೋಡೆಗೆ ಒರಗಿ ಎಲೆ ಅಡಿಕೆ ಹಾಕುತ್ತಾ ಅವರ ತಾಯಿ. ಆ ಅಮ್ಮನ ಮಡಿಲಲ್ಲಿ ತೆಂಬರೆ ಎಂಬ ಸಣ್ಣ ಚರ್ಮವಾದ್ಯ ಇತ್ತು.

ನಾನು ಸುಮ್ಮನೆ ನೋಡುತ್ತಾ ನಿಂತೆ. ಆಮೇಲೆ ಅಲ್ಲೇ ಕುಕ್ಕರಗಾಲಲ್ಲಿ ಕೂತೆ. ಅವರು ಗರಿಯ ಒಂದೊಂದೇ ಎಸಳು ತೆಗೆದು ನಡುವಿನ ಕಡ್ಡಿ ಬಿಡಿಸುತ್ತಿದ್ದರು. ಬಿಡಿಸಿದ ಎಸಳನ್ನು ಹೆಬ್ಬೆರಳ ಉಗುರಿನಲ್ಲಿ ಉದ್ದಕ್ಕೆ ಸೀಳುವುದು. ಅಕ್ಕಿ ಶಾವಿಗೆಯಷ್ಟು ಸಣ್ಣದು, ಒಂದೂ ಹೆಚ್ಚು ಕಡಿಮೆ ಇಲ್ಲ. ಮಗ ಅದನ್ನು ನೆರಿಗೆ ಹಿಡಿದು ಹಗ್ಗಕ್ಕೆ ಕಟ್ಟುತ್ತಿದ್ದ. ಕಟ್ಟಿದ್ದಕ್ಕೆ ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡುವುದು, ರಾತ್ರಿಯವರೆಗೆ ಬಾಡಬಾರದಲ್ಲ.

“ಅಣ್ಣ, ನಾನೊಮ್ಮೆ ನೋಡ್ಲಾ?” ಎಂದು ತುಳುವಿನಲ್ಲಿ ಕೇಳಿದೆ. ಅವರು ಸೊಂಟಕ್ಕೆ ಕಟ್ಟುವ ಒಳ್ಳೆಯ ಗರಿ ಕೊಡಲಿಲ್ಲ, ಬದಿಗೆ ಸರಿಸಿದ್ದ ಬಲಿತ ಎಸಳು ಕೊಟ್ಟರು. ಮೂರು ಹಾಳು ಮಾಡಿದೆ. ನಾಲ್ಕನೆಯದು ಅರ್ಧದವರೆಗೆ ಸರಿ ಹೋಗಿ ಮತ್ತೆ ಓರೆ ಹರಿಯಿತು.

“ಉಗುರು ಎಳೆಯುವುದಲ್ಲ ಮಾಷ್ಟ್ರೇ. ಗರಿಗೆ ಅದರದ್ದೇ ದಾರಿ ಉಂಟು. ಉಗುರು ಬರೀ ಹಿಂದೆ ಹೋಗಬೇಕು.”

ಹದಿನೆಂಟು ವರ್ಷದಿಂದ ಮಕ್ಕಳಿಗೆ ಗೆರೆ ಎಳೆಯುವುದನ್ನು ಕಲಿಸುತ್ತಿದ್ದೇನೆ. ಗೆರೆಯ ಬಗ್ಗೆ ಇಷ್ಟು ಸ್ಪಷ್ಟವಾಗಿ ನಾನು ಒಮ್ಮೆಯೂ ಹೇಳಿಲ್ಲ.

ಕಟ್ಟಿಂಗೇರಿ ನಮ್ಮ ಕಡೆಯದೇ ಊರು. 1911ರಲ್ಲಿ ಅಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರ ರೇಖಾಚಿತ್ರಗಳನ್ನು ನಾನು ಪ್ರತಿ ವರ್ಷ ಒಂಬತ್ತನೆಯ ತರಗತಿಗೆ ತೋರಿಸುತ್ತೇನೆ. ಎರಡು ಮೂರು ಗೆರೆಯಲ್ಲಿ ಕುಣಿಯುವ ಮೈ ಎದ್ದು ನಿಲ್ಲುತ್ತದೆ. ಗೆರೆ ನೋಡಿದ ಕೂಡಲೇ ಯಾರದ್ದೆಂದು ಗೊತ್ತಾಗುತ್ತದೆ, ಕೆಳಗೆ ಸಹಿಯೂ ಇರುತ್ತದೆ. ದೇಶ ಅವರನ್ನು ಗುರುತಿಸಿತು, ಪದ್ಮಭೂಷಣ ಕೊಟ್ಟಿತು. ಅದು ಸಲ್ಲಬೇಕಾದ್ದೇ. ಆದರೆ ಈ ಹಲಸಿನ ಮರದಡಿ ಎಳೆದ ಸಾವಿರ ಗೆರೆಗಳನ್ನು ನಾನು ಯಾವ ತರಗತಿಗೂ ತೋರಿಸಿರಲಿಲ್ಲ. ಇವು ನನ್ನ ಮನೆಯ ಹಿತ್ತಲಲ್ಲೇ ಇದ್ದವು.

“ಇದನ್ನು ಕಲೆ ಅಂತ ಹೇಳ್ತಾರೆ, ಗೊತ್ತುಂಟಾ?” ಎಂದೆ.

“ಕಲೆಯೋ ಎಂತದೋ. ಸರಿ ಆಗದಿದ್ರೆ ಸೊಂಟದಲ್ಲಿ ಕೂರುವುದಿಲ್ಲ, ಅಷ್ಟು ಗೊತ್ತು.”

ಆಗ ದಿಲ್ಲಿ ನೆನಪಾಯಿತು. ಕೆಲವು ವರ್ಷದ ಹಿಂದೆ ಶಿಕ್ಷಕರ ತಂಡದೊಂದಿಗೆ ಅಲ್ಲಿನ ಕರಕುಶಲ ವಸ್ತುಸಂಗ್ರಹಾಲಯಕ್ಕೆ ಹೋಗಿದ್ದೆ. ಒಂದು ಕೋಣೆಯೊಳಗೆ ಕಾಲಿಟ್ಟರೆ ನಮ್ಮೂರ ಭೂತಗಳು! ಆಳೆತ್ತರದ ಮರದ ಮೂರ್ತಿಗಳು. ಮೆಕ್ಕೆಕಟ್ಟಿನವು. ಬಾರ್ಕೂರಿನ ಆಚೆ ಶಿರಿಯಾರದ ಕಡೆ ಇರುವ ಆ ನಂದಿಕೇಶ್ವರ ಸನ್ನಿಧಿಯಲ್ಲಿ 1960ರ ದಶಕದಲ್ಲಿ ಹಳೆಯ ಮೂರ್ತಿಗಳ ಜಾಗಕ್ಕೆ ಹೊಸದನ್ನು ಕೆತ್ತಿಸಿ ಕೂರಿಸಿದರು, ಹಳೆಯವುಗಳಲ್ಲಿ ಕೆಲವು ಹೀಗೆ ದಿಲ್ಲಿ ಸೇರಿದವು. ನಾನು ಚಿಕ್ಕವನಿದ್ದಾಗ ಮೆಕ್ಕೆಕಟ್ಟಿಗೆ ಹೋಗಿ, ಕೆಂಪು ಬಣ್ಣದ ಆ ಸಾಲು ನೋಡಿ ಅಪ್ಪನ ಕೈ ಬಿಡದೆ ನಿಂತವನು. ದಿಲ್ಲಿಯಲ್ಲೂ ಕೈ ತಾನಾಗಿ ಮುಗಿಯಿತು. ಪಕ್ಕದಲ್ಲಿದ್ದವರು ಮೂರ್ತಿಯ ಸುತ್ತ ತಿರುಗಿ ಕೆತ್ತನೆ ನೋಡುತ್ತಿದ್ದರು. ಅವರು ನೋಡಿದ್ದೂ ತಪ್ಪಲ್ಲ. ನಮ್ಮಲ್ಲಿ ಹಳತಾದ ಮೂರ್ತಿಯನ್ನು ಹೊಳೆಗೆ ಬಿಡುವುದು ರೂಢಿ. ಹಾಗೆ ಮಾಡಿದ್ದರೆ ಆ ಉಳಿಯ ಕೆಲಸವನ್ನು ಅಷ್ಟು ಹತ್ತಿರದಿಂದ ನೋಡುವ ಭಾಗ್ಯ ನನಗೂ ಸಿಗುತ್ತಿರಲಿಲ್ಲ. ಸಾಲಿನ ಕೊನೆಯವರೆಗೆ ನಡೆದೆ. ಕೆತ್ತಿದ ಒಬ್ಬ ಆಚಾರಿಯ ಹೆಸರೂ ನನ್ನ ಕಣ್ಣಿಗೆ ಬೀಳಲಿಲ್ಲ.

ಮೂರು ಗಂಟೆಗೆ ದೊಡ್ಡಪ್ಪ ಜಗಲಿಯಿಂದ ಕರೆದರು. “ಎಂತ ಮಾರಾಯ, ಅಲ್ಲಿ ಕೂತು? ಊಟಕ್ಕೆ ಬಾ.” ಒಳಗೆ ಪಂಕ್ತಿಯಲ್ಲಿ ಬಾಳೆ ಎಲೆ. ಅವರಿಗೆ ಊಟ ಹೋದದ್ದು ಹಿತ್ತಲಿಗೆ. ಯಾವಾಗಲೂ ಹಾಗೆಯೇ. ದೈವ ಕಟ್ಟುವವರು ಪಂಬದ, ಪರವ, ನಲಿಕೆ ಸಮುದಾಯದವರು, ಪರಿಶಿಷ್ಟ ಜಾತಿಗೆ ಸೇರಿದವರು. ರಾತ್ರಿ ಕಾಲಿಗೆ ಗಗ್ಗರ ಕಟ್ಟಿದ ಮೇಲೆ ಅದೇ ದೊಡ್ಡಪ್ಪ ಅವರೆದುರು ಕೈ ಜೋಡಿಸಿ ತಲೆ ತಗ್ಗಿಸಿ ನಿಲ್ಲುತ್ತಾರೆ, ದೈವದ ನುಡಿಗೆ ಕಾಯುತ್ತಾರೆ. ನಾನು ಇದನ್ನು ಹುಟ್ಟಿದಂದಿನಿಂದ ನೋಡಿದ್ದೇನೆ. ಅಂದು ಅನ್ನ ಗಂಟಲಲ್ಲಿ ಇಳಿಯಲಿಲ್ಲ.

ರಾತ್ರಿ ಅವರು ಕೈಯಲ್ಲಿ ಸಣ್ಣ ಕನ್ನಡಿ ಹಿಡಿದು ತಾವೇ ಮುಖಕ್ಕೆ ಬಣ್ಣ ಬರೆದುಕೊಂಡರು. ಅರದಾಳದ ಹಳದಿ, ಮೇಲೆ ಕಾಡಿಗೆಯ ಕಪ್ಪು. ಬ್ರಷ್ ಎಂದರೆ ತೆಂಗಿನ ಕಡ್ಡಿ. ಹುಬ್ಬಿನ ಮೇಲಿನ ಗೆರೆ ಎಳೆಯುವಾಗ ಉಸಿರು ಹಿಡಿದದ್ದು ನನಗೆ ಕಂಡಿತು. ಅವರ ತಾಯಿ ತೆಂಬರೆ ಬಡಿಯುತ್ತಾ ದೈವದ ಕತೆ ಹೇಳುವ ಹಾಡು, ಪಾಡ್ದನ, ಸುರು ಮಾಡಿದರು. ಆಮೇಲಿನದ್ದನ್ನು ನಾನು ವಿವರಿಸುವುದಿಲ್ಲ. ಅಣಿ ಏರಿದ ಮೇಲೆ ಅಲ್ಲಿ ಇದ್ದದ್ದು ಜುಮಾದಿ, ತಿರಿಯ ಬಗ್ಗೆ ನನ್ನೊಡನೆ ಮಾತಾಡಿದ ಅಣ್ಣ ಅಲ್ಲ.

ಬೆಳಿಗ್ಗೆ ಏಳಕ್ಕೆ ಅಷ್ಟೂ ತಿರಿ ತೆಂಗಿನ ಬುಡದಲ್ಲಿ ಬಿದ್ದಿತ್ತು. ಅಂಚು ಕಂದಿ, ಬೆವರಿಗೂ ಎಣ್ಣೆಗೂ ಅಂಟಿಕೊಂಡು. ಅವರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಚಾ ಕುಡಿಯುತ್ತಿದ್ದರು, ಕಿವಿಯ ಹಿಂದೆ ಹಳದಿ ಇನ್ನೂ ಉಳಿದಿತ್ತು.

“ನಿಮ್ಮ ಕೆಲಸದ ಬಗ್ಗೆ ಬರೀಬೇಕು ಅಂತ ಉಂಟು. ಹೆಸರು ಹಾಕಬಹುದಾ?”

ಅವರು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. “ಬರೆಯಿರಿ. ಆದ್ರೆ ಹೆಸರು ಹಾಕುವುದಿದ್ರೆ ಮೊದಲು ನಿಮ್ಮ ಮನೆಯ ಕಾಗದದಲ್ಲಿ ಹಾಕಿ.”

ಬಸ್ಸಿನಲ್ಲಿ ಕೂತು ನೇಮದ ಕಾಗದವನ್ನು, ಎಂದರೆ ಆಮಂತ್ರಣ ಪತ್ರವನ್ನು, ಜೇಬಿನಿಂದ ತೆಗೆದು ಓದಿದೆ. ಯಜಮಾನರ ಹೆಸರು, ಕುಟುಂಬದ ಹದಿನಾಲ್ಕು ಮಂದಿಯ ಹೆಸರು, ಅನ್ನಸಂತರ್ಪಣೆಯ ಸೇವಾಕರ್ತರು, ಧ್ವನಿ ಬೆಳಕಿನವರು, ಶಾಮಿಯಾನದವರು. ದೈವ ಕಟ್ಟುವವರ ಹೆಸರು ಇಲ್ಲ. ಅಜ್ಜನ ಕಾಲದಿಂದ ಅದೇ ಮನೆಯವರು ಬರುತ್ತಿದ್ದಾರೆ. 2022ರ ಅಕ್ಟೋಬರಿನಲ್ಲಿ ರಾಜ್ಯ ಸರಕಾರ 60 ದಾಟಿದ ದೈವನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನ ಘೋಷಿಸಿದಾಗ ನಮ್ಮ ಮನೆಯವರೆಲ್ಲ ಸಂತೋಷಪಟ್ಟಿದ್ದರು. ಕಾಗದದಲ್ಲಿ ಒಂದು ಸಾಲು ಸೇರಿಸಲು ನಮಗೆ ಯಾರ ಘೋಷಣೆಯೂ ಬೇಕಿರಲಿಲ್ಲ.

ಆ ವರ್ಷದ ನೇಮಗಳೆಲ್ಲ ಮುಗಿಯುವ ಪತ್ತನಾಜೆ ಕಳೆಯಿತು, ಮಳೆಗಾಲ ಮುಗಿಯಿತು. ದೀಪಾವಳಿಗೆ ಕುಟುಂಬದ ಸಭೆಯಲ್ಲಿ ವಿಷಯ ಎತ್ತಿದೆ. “ಇಷ್ಟು ವರ್ಷ ಇಲ್ಲದ್ದು ಈಗ ಯಾಕೆ?” ಎಂದರು ದೊಡ್ಡಪ್ಪ. ಶಾಮಿಯಾನದವರ ಹೆಸರು ಯಾಕೆ ಹಾಕುತ್ತೇವೆ ಎಂದು ಕೇಳಿದೆ. ಮಾತು ಬಿಸಿಯಾಯಿತು. ಕೊನೆಗೆ ದೊಡ್ಡಮ್ಮ, “ಹಾಕಿ ಅತ್ಲಾಗೆ, ಅವರಿಲ್ಲದೆ ನೇಮ ಆಗ್ತದಾ?” ಎಂದದ್ದಕ್ಕೆ ಯಾರೂ ಎದುರು ಹೇಳಲಿಲ್ಲ. ಊಟದ ಪಂಕ್ತಿಯ ಮಾತು ಎತ್ತುವ ಧೈರ್ಯ ಅಂದು ನನಗೆ ಬರಲಿಲ್ಲ. ಅದು ಈ ವರ್ಷಕ್ಕೆ ಬಾಕಿ ಉಂಟು.

ಮೊನ್ನೆ ಪ್ರೆಸ್ಸಿನಿಂದ ಪ್ರೂಫ್ ಬಂತು. ಅವರ ಹೆಸರಿನ ಅಕ್ಷರ ಸರಿ ಉಂಟಾ ಎಂದು ಕೇಳಲು ಫೋನ್ ಮಾಡಿದೆ. ಓದಿ ಹೇಳಿದೆ. ಸರಿ ಎಂದರು. ಫೋನ್ ಇಡಲಿಲ್ಲ.

“ಮಾಷ್ಟ್ರೇ, ಅಮ್ಮನ ಹೆಸರು ಬರ್ತದಾ? ಪಾಡ್ದನ ಹೇಳುವುದು ಅವರಲ್ವಾ?”

ಅದು ನನಗೆ ಹೊಳೆದೇ ಇರಲಿಲ್ಲ. ಹೆಸರು ಕೇಳಿ, ಪ್ರೂಫಿನ ಬದಿಯಲ್ಲಿ ಬರೆದು, ಒಂದು ಬಾಣದ ಗುರುತು ಹಾಕಿ ಪ್ರೆಸ್ಸಿಗೆ ವಾಪಸು ಕಳಿಸಿದೆ.