ರ್‍ಯಾಂಕ್ ಬೋರ್ಡ್ ಬರೆದವರು

ಶಿವಮೊಗ್ಗದ ನಮ್ಮ ಕಾಲೇಜಿನ ರ್‍ಯಾಂಕ್ ಬೋರ್ಡಿನಲ್ಲಿ ಮೇಲಿನ ಹೆಸರುಗಳು ಕಪ್ಪಾಗಿವೆ, ಕೆಳಗಿನವು ಇನ್ನೂ ಹೊಳೆಯುತ್ತಿವೆ. ಅದು ದೂಳಲ್ಲ. ಚಿನ್ನದ ಬಣ್ಣ ಎನ್ನುತ್ತಿದ್ದೆವಲ್ಲ, ಅದು ವಾರ್ನಿಷ್‌ನಲ್ಲಿ ಕಲಸಿದ ಹಿತ್ತಾಳೆಯಂಥ ಲೋಹದ ಪುಡಿ. ಅದರಲ್ಲಿರುವ ತಾಮ್ರಕ್ಕೆ ಮಲೆನಾಡಿನ ತೇವ ತಾಗಿದರೆ ಕಿಲುಬು ಹಿಡಿಯುತ್ತದೆ.

ಆ ಹೆಸರುಗಳನ್ನು ಬರೆದವರು ಗಾಂಧಿ ಬಜಾರ್, ದುರ್ಗಿಗುಡಿಯ ಅಂಗಡಿಗಳಿಗೆ ಬೋರ್ಡ್ ಬರೆಯುತ್ತಿದ್ದ ಪೇಂಟರ್‌ಗಳು. ಆ ಕಸುಬಿನಲ್ಲಿ ಬರೆಯುವುದಕ್ಕಿಂತ ಮೊದಲಿನ ಕೆಲಸವೇ ಹೆಚ್ಚು. ತಗಡನ್ನು ಉಪ್ಪುಕಾಗದದಲ್ಲಿ ಉಜ್ಜಿ, ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ ಹೊಡೆದು, ಒಂದು ದಿನ ಒಣಗಿಸಿ, ಮೇಲೆ ಎರಡು ಕೋಟ್ ಎನಾಮೆಲ್. ಆಷಾಢದ ಮಳೆಯಲ್ಲಿ ಆತುರಪಟ್ಟು ತೇವದ ತಗಡಿಗೆ ಬಳಿದರೆ ಬಣ್ಣ ಗುಳ್ಳೆ ಎದ್ದು ಹಪ್ಪಳದಂತೆ ಕಿತ್ತು ಬರುತ್ತದೆ. ಬಣ್ಣ ತೆಳುಮಾಡುವ ಟರ್ಪೆಂಟೈನ್ ಉಳಿಸಲು ಸೀಮೆಎಣ್ಣೆ ಬೆರೆಸಿದರೆ ಬೇಗ ಒಣಗದು, ಹೊಳಪೂ ಸಾಯುತ್ತದೆ. ಮಳೆಗಾಲವಿಡೀ ಗೋಡೆ ಬರಹ ನಿಂತೇ ಹೋಗುತ್ತಿತ್ತು. ಕೈಗೆ ಕಾಸು ಬರುತ್ತಿದ್ದುದು ಬೇಸಿಗೆಯ ಜಾತ್ರೆ, ಚುನಾವಣೆಗಳಲ್ಲಿ.

ಚಾಕ್ ಪುಡಿ ಸವರಿದ ದಾರವನ್ನು ಬಿಗಿಹಿಡಿದು ಮಿಡಿದರೆ ಗೆರೆ ಮೂಡುತ್ತದೆ. ಕನ್ನಡಕ್ಕೆ ಎರಡು ಗೆರೆ ಸಾಲದು. ಅಕ್ಷರ 6 ಇಂಚಾದರೆ ಒತ್ತಿಗೆಂದು ಕೆಳಗೆ 3 ಇಂಚಾದರೂ ಬಿಡಬೇಕು. ‘ವಸ್ತ್ರಾಲಯ’ ಎಂದು ಬರೆಯುವಾಗ ತಕಾರ, ರಕಾರ ಎರಡೂ ಸಕಾರದ ಕೆಳಗೆ ಜಾಗ ಕೇಳುತ್ತವೆ. ಮೊದಲೇ ಲೆಕ್ಕ ಹಾಕದಿದ್ದರೆ ಒತ್ತು ಹೋಗಿ ಕೆಳಗಿನ ಸಾಲಿನ ತಲೆಕಟ್ಟಿಗೆ ಬಡಿಯುತ್ತದೆ. ಎಡಗೈಯಲ್ಲಿ ತುದಿಗೆ ಬಟ್ಟೆ ಸುತ್ತಿದ ಕೋಲು, ಅದರ ಮೇಲೆ ಬಲಗೈ ಮಣಿಕಟ್ಟು. ಸೊನ್ನೆಯನ್ನು ಎರಡೇ ಎಳೆತದಲ್ಲಿ ಕೂಡಿಸಬೇಕು. ತಡವರಿಸಿದಲ್ಲಿ ಗಂಟು ಕಾಣುತ್ತದೆ.

ಹಳದಿ ಎನಾಮೆಲ್‌ನಲ್ಲಿ ಸೀಸದ ಕ್ರೋಮೇಟ್ ಎಂಬ ವಿಷದ ಪುಡಿ ಇರುತ್ತಿತ್ತು. ಹಳೆಯ ಬೋರ್ಡ್ ಉಜ್ಜುವ ಕೆಲಸ ಕಲಿಯಲು ಬಂದ ಹುಡುಗರದು, ಆ ಪುಡಿಯೆಲ್ಲ ಅವರ ಮೂಗಿಗೆ. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಪಾಲು) ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅಷ್ಟರಲ್ಲಿ ಫ್ಲೆಕ್ಸ್ ಬಂದು ಎಷ್ಟೋ ಜನ ಬ್ರಷ್ ಕೆಳಗಿಟ್ಟಿದ್ದರು. 2016ರಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ನಿಷೇಧದ ಪಟ್ಟಿಗೆ ಫ್ಲೆಕ್ಸನ್ನೂ ಸೇರಿಸಿತು, ಆದರೂ ಕಸುಬು ಬಿಟ್ಟವರು ಮರಳಲಿಲ್ಲ. ಕೆಲವರು ಕಂಪ್ಯೂಟರ್‌ನಲ್ಲಿ ವಿನ್ಯಾಸ ಮಾಡುವ ಕೋರೆಲ್‌ಡ್ರಾ ಕಲಿತರು. ಅಂಥವರ ಕೆಲಸ ನೋಡಿದರೇ ಗೊತ್ತಾಗುತ್ತದೆ: ಜಾಗ ಸಾಲದಿದ್ದರೆ ಅಕ್ಷರವನ್ನು ಚಿಕ್ಕದು ಮಾಡುತ್ತಾರೆಯೇ ಹೊರತು ಅಕ್ಕಪಕ್ಕದಿಂದ ಅದುಮಿ ಸಪೂರ ಮಾಡುವುದಿಲ್ಲ.

ಕಾಲೇಜಿನವರಲ್ಲಿ ಒಂದು ಕೋರಿಕೆ. ರ್‍ಯಾಂಕ್ ಬೋರ್ಡನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಬೇಡಿ, ಅಕ್ಷರಗಳೇ ಎದ್ದುಬಂದಾವು. ಒಣ ಮೆತ್ತನೆ ಬಟ್ಟೆ ಸಾಕು. ಹೊಸ ಹೆಸರು ಬರೆಸುವುದಾದರೆ ಫೆಬ್ರವರಿ, ಮಾರ್ಚ್‌ನಲ್ಲಿ ಬರೆಸಿ, ಮೇಲೊಂದು ಕೋಟ್ ತೆಳು ವಾರ್ನಿಷ್ ಹೊಡೆಸಿ.