ಮೈನಸ್ ಒಂದು ಅಂದ್ರೆ ಫೇಲ್ ಅಂತಲ್ಲ

ಜುಲೈ ತಿಂಗಳ ಒಂದು ರಾತ್ರಿ. ಮಂಡಿಯ ಗುಮಾಸ್ತರ ಫೋನ್ ಬಂತು. "ಏನ್ ಮಾರಾಯ ಇದು? ಹೊಸನಗರ ಕಡೆಯವರೊಬ್ಬರು ಕೇಳ್ತಿದ್ದಾರೆ. ಮೆಸೇಜ್ ಎರಡು ಸಲ ಬಂದಿದೆ, ದುಡ್ಡೂ ಎರಡು ಸಲ ಬರುತ್ತಾ ಅಂತ."

ನಮ್ಮದು ಶಿವಮೊಗ್ಗದಲ್ಲಿ ನಾಲ್ಕು ಜನರ ಸಣ್ಣ ಆಫೀಸು. ಒಂದು ಅಡಿಕೆ ಮಂಡಿಯ ಲೆಕ್ಕದ ಸಾಫ್ಟ್‌ವೇರ್ ನೋಡಿಕೊಳ್ಳುತ್ತೇವೆ. ಯಾರ ರಾಶಿ ಎಷ್ಟು ಕ್ವಿಂಟಲ್, ಯಾರ ಬೆಟ್ಟೆ ಯಾವ ರೇಟಿಗೆ ಹೋಯ್ತು (ರಾಶಿ, ಬೆಟ್ಟೆ ಅಂದರೆ ಅಡಿಕೆಯ ಬಗೆಗಳು) ಅನ್ನೋ ಚೀಟಿಗಳು ಸಂಜೆ ನಮ್ಮ ಕಂಪ್ಯೂಟರಿಗೆ ಬರುತ್ತವೆ. ನಾನು ಬರೆದ ಪೈಥಾನ್ ಪ್ರೋಗ್ರಾಂ ಅವನ್ನು ಮುಂಬೈಯಲ್ಲಿರುವ ಸರ್ವರ್‌ಗೆ ಕಳಿಸಿ, ಅಲ್ಲಿಯ ಸ್ಕ್ರಿಪ್ಟ್‌ಗಳನ್ನು (ಸಣ್ಣ ಪ್ರೋಗ್ರಾಂಗಳನ್ನು) ಎಸ್‌ಎಸ್‌ಎಚ್ ಮೂಲಕ, ಅಂದರೆ ದೂರದ ಕಂಪ್ಯೂಟರಿಗೆ ಇಲ್ಲಿಂದಲೇ ಕಮಾಂಡ್ ಕೊಡುವ ದಾರಿಯಲ್ಲಿ, ಓಡಿಸುತ್ತದೆ. ಮೊದಲ ಸ್ಕ್ರಿಪ್ಟ್ ಚೀಟಿ ತಪಾಸಣೆ ಮಾಡುತ್ತದೆ. ಎರಡನೆಯದು ಒಂದೊಂದೇ ಚೀಟಿ ತಗೊಂಡು ಖಾತೆಗೆ ಜಮಾ ಬರೆದು, ಬೆಳೆಗಾರರಿಗೆ ಮೆಸೇಜ್ ಹಾಕುತ್ತದೆ. ಇದಕ್ಕೆ ಸುಮಾರು 20 ನಿಮಿಷ ಬೇಕು.

ಶುರುವಿನಲ್ಲಿ ಸಣ್ಣಪುಟ್ಟ ತಲೆನೋವು ಇದ್ದೇ ಇತ್ತು. ನಾನೇ ಲಾಗಿನ್ ಆಗಿ ಓಡಿಸಿದರೆ ಸರಿ ಇದ್ದ ಕಮಾಂಡ್, ಪ್ರೋಗ್ರಾಂನಿಂದ ಕಳಿಸಿದರೆ 127 ಅನ್ನುತ್ತಿತ್ತು, ಅಂದರೆ ಕಮಾಂಡೇ ಸಿಗಲಿಲ್ಲ. ಸರ್ವರ್‌ನ ಉಬುಂಟುವಿನಲ್ಲಿ ಬ್ಯಾಶ್‌ಆರ್‌ಸಿ ಅನ್ನೋ ಸೆಟ್ಟಿಂಗ್ ಫೈಲು, ಎದುರಿಗೆ ಮನುಷ್ಯ ಕೂತಿಲ್ಲ ಅಂತ ಗೊತ್ತಾದ ಕೂಡಲೇ ಮೊದಲ ಸಾಲುಗಳಲ್ಲೇ ವಾಪಸ್ ಹೋಗುತ್ತದೆ. ನಾನು ಅದರ ಕೊನೆಯಲ್ಲಿ ಬರೆದಿದ್ದ ಪಾತ್ (ಕಮಾಂಡ್ ಯಾವ ಫೋಲ್ಡರಿನಲ್ಲಿದೆ ಅನ್ನೋ ವಿಳಾಸ) ಹಾಗಾಗಿ ಲೆಕ್ಕಕ್ಕೇ ಬರುತ್ತಿರಲಿಲ್ಲ. ಪೂರ್ತಿ ಪಾತ್ ಬರೆದೆ, ಮುಗೀತು.

ಆ ಸಂಜೆಯದ್ದು ಬೇರೆ ಕಥೆ. ಜೋರು ಮಳೆ, ಕರೆಂಟ್ ಹೋಗಿ ಬಂದು ಮಾಡುತ್ತಿತ್ತು. ಯುಪಿಎಸ್ ಇದ್ದದ್ದರಿಂದ ಕಂಪ್ಯೂಟರ್ ನಡೀತಾ ಇತ್ತು. ಇಂಟರ್ನೆಟ್ ಮಾತ್ರ ಸ್ಕ್ರಿಪ್ಟ್ ಅರ್ಧಕ್ಕೆ ಬಂದಾಗ ಹೋಯಿತು. ನನ್ನ ಕೋಡ್‌ನಲ್ಲಿ ಒಂದು ಜಾಣತನ ಇತ್ತು ನೋಡಿ: ಎಕ್ಸಿಟ್ ಕೋಡ್ (ಸ್ಕ್ರಿಪ್ಟ್ ಮುಗಿದಾಗ ಕೊಡುವ ಅಂಕಿ, ಸೊನ್ನೆ ಅಂದರೆ ಕೆಲಸ ಸರಿಯಾಯ್ತು) ಸೊನ್ನೆ ಅಲ್ಲದಿದ್ದರೆ ಮತ್ತೆ ಓಡಿಸು, ಮೂರು ಸಲದ ತನಕ. ಅದನ್ನು ಬರೆದಾಗ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ಪೈಥಾನ್‌ನಿಂದ ಎಸ್‌ಎಸ್‌ಎಚ್ ಮಾಡೋಕೆ ನಾನು ಬಳಸುವುದು ಪ್ಯಾರಾಮಿಕೊ ಲೈಬ್ರರಿ. ಸರ್ವರ್‌ನಿಂದ ಎಕ್ಸಿಟ್ ಕೋಡ್ ಬರುವ ಮೊದಲೇ ಸಂಪರ್ಕ ಸತ್ತರೆ ಅದು -1 ಕೊಡುತ್ತದೆ. ಇದು ಸ್ಕ್ರಿಪ್ಟ್ ಕೊಟ್ಟ ಉತ್ತರ ಅಲ್ಲವೇ ಅಲ್ಲ. ಸ್ಕ್ರಿಪ್ಟ್ ಕೊಡುವ ಕೋಡ್ 0ಯಿಂದ 255ರ ಒಳಗೇ ಇರಬೇಕು. -1 ಅಂದರೆ 'ಏನಾಯ್ತೋ ಗೊತ್ತಿಲ್ಲ' ಅಂತ. ನಾನು ಅದನ್ನು 'ಕೆಲಸ ಕೆಟ್ಟಿತು' ಅಂತ ಓದಿದ್ದೆ.

ಅತ್ತ ಮುಂಬೈಯಲ್ಲಿ ಸ್ಕ್ರಿಪ್ಟ್ ತನ್ನ ಪಾಡಿಗೆ ನಡೀತಾ ಇತ್ತು. ಟರ್ಮಿನಲ್ (ಮನುಷ್ಯ ಕೂತು ಟೈಪ್ ಮಾಡುವ ಕಿಟಕಿ) ಕೇಳದೆ ಕಳಿಸಿದ ಕಮಾಂಡ್‌ಗೆ, ನಮ್ಮ ಕಡೆ ಲೈನ್ ಹೋಯ್ತು ಅಂತ ನಿಲ್ಲಿಸುವ ಸಿಗ್ನಲ್ ಏನೂ ಹೋಗುವುದಿಲ್ಲ. ಔಟ್‌ಪುಟ್ಟನ್ನೆಲ್ಲ ಲಾಗ್ ಫೈಲಿಗೆ ಬರೆಯುತ್ತಿದ್ದರಿಂದ, ಕೇಳುವವರು ಇಲ್ಲ ಅನ್ನೋದು ಅದಕ್ಕೆ ತಿಳಿಯುವ ದಾರಿಯೂ ಇರಲಿಲ್ಲ. ಇಂಟರ್ನೆಟ್ ಬಂತು, ನನ್ನ ಪ್ರೋಗ್ರಾಂ ಅದೇ ಸ್ಕ್ರಿಪ್ಟನ್ನು ಇನ್ನೊಂದು ಸಲ ಎಬ್ಬಿಸಿತು. ಒಂದೇ ಚೀಟಿಗಳ ಮೇಲೆ ಎರಡು ಪ್ರತಿ. ಬ್ಯಾಂಕಿಗೆ ಕಳಿಸುವ ಫೈಲ್ ಬೆಳಿಗ್ಗೆ ತಯಾರಾಗುತ್ತದೆ, ಅದೊಂದೇ ನನ್ನ ಪುಣ್ಯ. ರಾತ್ರಿ ಎರಡು ಗಂಟೆ ತನಕ ಕೂತು ಡಬಲ್ ಜಮಾಗಳನ್ನೆಲ್ಲ ತೆಗೆದೆ.

ಮರುದಿನ ಮಂಡಿಗೆ ಹೋಗಿ ಗುಮಾಸ್ತರಿಗೆ ವಿಷಯ ಹೇಳಿದೆ. ಎಸ್‌ಎಸ್‌ಎಚ್ ಗಿಸೆಸ್‌ಎಚ್ ಅವರಿಗೆ ಬೇಡ. ಪೂರ್ತಿ ಕೇಳಿ, "ಅಡಿಕೆ ಮರ ಹತ್ತೋ ಕೊನೆಗೌಡನಿಗೆ ಫೋನ್ ಮಾಡಿ ಕೊಳೆ ರೋಗದ ಔಷಧಿ ಹೊಡೆಯೋಕೆ ಹೇಳ್ದೆ. ಮಾತಿನ ಮಧ್ಯ ಫೋನ್ ಕಟ್ ಆಯ್ತು. ಅಂವ ಹೊಡೀತಾ ಇದ್ದಾನೋ ಇಲ್ವೋ ಅಂತ ತೋಟಕ್ಕೆ ಹೋಗಿ ನೋಡ್ಬೇಕಾ, ಇನ್ನೊಬ್ಬನ್ನ ಕಳಿಸ್ಬೇಕಾ?" ಅಂದರು. ನಾನು ಇನ್ನೊಬ್ಬನನ್ನು ಕಳಿಸಿದ್ದೆ.

ಈಗ ನನ್ನ ಪ್ರೋಗ್ರಾಂ ಸಂಪರ್ಕ ಹಿಡಿದುಕೊಂಡು 20 ನಿಮಿಷ ಕಾಯುವುದಿಲ್ಲ. ಕೆಲಸಕ್ಕೊಂದು ನಂಬರ್ ಕೊಟ್ಟು, ಸ್ಕ್ರಿಪ್ಟನ್ನು ನೋಹಪ್ ಹಾಕಿ (ಲೈನ್ ಹೋದರೂ ನಿಲ್ಲದ ಹಾಗೆ) ಹಿನ್ನೆಲೆಯಲ್ಲಿ ಬಿಟ್ಟು ಬರುತ್ತದೆ. ಆಮೇಲೆ ನಿಮಿಷಕ್ಕೊಂದು ಸಲ ಹೋಗಿ ಕೇಳುತ್ತದೆ. ಮುಗಿದಾಗ ಸ್ಕ್ರಿಪ್ಟ್ ತನ್ನ ಎಕ್ಸಿಟ್ ಕೋಡನ್ನು ಆ ನಂಬರಿನ ಫೈಲಿನಲ್ಲಿ ಬರೆದಿಡುತ್ತದೆ. ಫೈಲ್ ಇದ್ದರೆ ಉತ್ತರ ಸಿಕ್ಕಿತು, ಇಲ್ಲದಿದ್ದರೆ ಇನ್ನೂ ನಡೀತಿದೆಯಾ ಅಂತ ನೋಡುತ್ತದೆ. ಎರಡನೇ ಪ್ರತಿ ಶುರುವಾಗದ ಹಾಗೆ ಎಫ್‌ಲಾಕ್ ಅನ್ನೋ ಬೀಗ ಇದೆ. ಇಷ್ಟೆಲ್ಲ ದಾಟಿಯೂ ತಪ್ಪಿದರೆ ಅಂತ ಡೇಟಾಬೇಸ್‌ನಲ್ಲಿ ಚೀಟಿ ನಂಬರಿಗೆ ಯುನಿಕ್ ಕೀ ಹಾಕಿದ್ದೇನೆ. ಒಂದೇ ಚೀಟಿ ಎರಡನೇ ಸಲ ಜಮಾ ಆಗುವುದೇ ಇಲ್ಲ. ನಿಜ ಹೇಳಬೇಕೆಂದರೆ, ಈ ಕೊನೆಯದನ್ನು ಮೊದಲೇ ಮಾಡಿದ್ದರೆ ಆ ರಾತ್ರಿ ನಿದ್ದೆಯಾದರೂ ಆಗುತ್ತಿತ್ತು.

ಮೆಸೇಜ್ ಮಾತ್ರ ಪೂರ್ತಿ ಬಗೆಹರಿಯಲಿಲ್ಲ. ಕಳಿಸುವುದಕ್ಕೂ 'ಕಳಿಸಾಯ್ತು' ಅಂತ ಬರೆದಿಡುವುದಕ್ಕೂ ನಡುವೆ ಒಂದು ಕ್ಷಣ ಇದ್ದೇ ಇರುತ್ತದೆ. ಅಷ್ಟರಲ್ಲಿ ಸರ್ವರ್ರೇ ಬಿದ್ದರೆ? ಮೊದಲು ಬರೆದಿಟ್ಟರೆ ಯಾರಿಗೋ ಮೆಸೇಜ್ ತಪ್ಪಬಹುದು. ಆಮೇಲೆ ಬರೆದರೆ ಯಾರಿಗೋ ಎರಡು ಹೋಗಬಹುದು. ಯಾವುದು ಬೇಕು ಅಂತ ಗುಮಾಸ್ತರನ್ನೇ ಕೇಳಿದೆ. "ಎರಡು ಬಂದ್ರೆ ಬೈತಾರೆ ಅಷ್ಟೇ. ಬರ್ಲಿಲ್ಲ ಅಂದ್ರೆ ಬಸ್ ಹತ್ತಿ ಇಲ್ಲಿಗೇ ಬರ್ತಾರೆ" ಅಂದರು. ಹಾಗಾಗಿ ಆಮೇಲೆ ಬರೆಯುತ್ತೇನೆ.